ಬಾಯಾರಿಕೆಯನ್ನು ನಂಬಬಾರದೇಕೆ?

‘ಬಾಯಾರಿಕೆಗೆ ಕಾಯಬೇಡಿ, ದಿನಕ್ಕೆ 5 ಲೀಟರ್ ನೀರು ಕುಡಿದೇ ತೀರಬೇಕು’ ಎಂಬ ಕಳೆದ ಸಂಚಿಕೆಯ ಲೇಖನ ಓದಿ ಆತಂಕವಾಯಿತು. ಬಾಯಾರುವ ಹೊತ್ತಿಗೆ ತಡವಾಗಿರುತ್ತದೆ ಎಂಬ ಅದರ ತಳಹದಿಯೇ ತಪ್ಪು. ರಕ್ತದ ಸಾಂದ್ರತೆ ಶೇ 1–2ರಷ್ಟು ಏರಿದರೆ ಸಾಕು, ಮಿದುಳಿನ ಹೈಪೊಥಲಾಮಸ್ ಅದನ್ನು ಗುರುತಿಸುತ್ತದೆ. ಅಲ್ಲಿ ತಯಾರಾಗುವ ವ್ಯಾಸೊಪ್ರೆಸಿನ್ ಹಾರ್ಮೋನು ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕಿಳಿದು, ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ನೀರಿನ ದಾರಿಗಳನ್ನು ತೆರೆಯುತ್ತದೆ. ಮೂತ್ರವಾಗಿ ಹೋಗಬೇಕಿದ್ದ ನೀರು ಮರಳಿ ರಕ್ತ ಸೇರುತ್ತದೆ. ನೀರು ಹೆಚ್ಚಾದರೆ ಹಾರ್ಮೋನು ಇಳಿಯುತ್ತದೆ.

ಆದರೆ ಯಾವಾಗಲೂ ಇಳಿಯುವುದಿಲ್ಲ, ಅಪಾಯವಿರುವುದು ಅಲ್ಲೇ. ದೀರ್ಘ ಓಟ, ನೋವು, ವಾಕರಿಕೆ ಕೂಡ ವ್ಯಾಸೊಪ್ರೆಸಿನ್ ಸ್ರವಿಸುವಂತೆ ಮಾಡುತ್ತವೆ. ಆಗ ಬಲವಂತವಾಗಿ ಕುಡಿದ ನೀರು ಹೊರಹೋಗದೆ, ರಕ್ತದ ಸೋಡಿಯಂ ಕುಸಿದು, ಮಿದುಳು ಊದಿಕೊಳ್ಳಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ಶೇ 13ರಷ್ಟು ಮಂದಿಗೆ ಸೋಡಿಯಂ ಇಳಿದಿತ್ತು. ಅದೇ ಓಟದಲ್ಲಿ ಯುವತಿಯೊಬ್ಬಳು ಇದೇ ಕಾರಣಕ್ಕೆ ಜೀವ ಕಳೆದುಕೊಂಡಳು.

ವಯಸ್ಸಾದವರಲ್ಲಿ ಬಾಯಾರಿಕೆ ಮಂದವಾಗುತ್ತದೆ, ಮೂತ್ರಪಿಂಡದ ಕಲ್ಲಿನ ತೊಂದರೆಯಿದ್ದವರು ಹೆಚ್ಚು ಕುಡಿಯಬೇಕು, ಒಪ್ಪುತ್ತೇನೆ. ಆದರೆ ಹೃದಯ ವೈಫಲ್ಯದ ಎಷ್ಟೋ ರೋಗಿಗಳಿಗೆ ವೈದ್ಯರು ನೀರಿಗೇ ಮಿತಿ ಹಾಕಿರುತ್ತಾರೆ. ಅವರೂ ಓದುವ ಪತ್ರಿಕೆಯಲ್ಲಿ ಎಲ್ಲರಿಗೂ ಒಂದೇ ಲೆಕ್ಕ ಬರೆಯುವುದು ಹೊಣೆಗೇಡಿತನ. ಮುಂದಿನ ಸಂಚಿಕೆಯಲ್ಲೇ ಇದಕ್ಕೆ ತಿದ್ದುಪಡಿ ಬರಲಿ.