ಗೃಹ ವಿದ್ಯುತ್ ಕೆಲಸದ ಸ್ವಯಂ ಉದ್ಯೋಗಿಗಳ ನೋಂದಣಿ: ಒಂದು ವಿಶ್ಲೇಷಣೆ

ಮನೆಗಳ ವೈರಿಂಗ್ ಹಾಗೂ ವಿದ್ಯುತ್ ದುರಸ್ತಿ ಕೆಲಸಗಳನ್ನು ಸ್ವಂತವಾಗಿ ನಿರ್ವಹಿಸುವ ಎಲೆಕ್ಟ್ರಿಷಿಯನ್‌ಗಳು ರಾಜ್ಯದ ಎಲ್ಲೆಡೆ ಇದ್ದಾರೆ. 2021ರ ಆಗಸ್ಟ್ 26ರಂದು ಇ-ಶ್ರಮ್ ಜಾಲತಾಣ ಆರಂಭಗೊಂಡಿದ್ದು, ಇಂತಹ ಅಸಂಘಟಿತ ಕಾರ್ಮಿಕರಿಗೆ ಉಚಿತ ನೋಂದಣಿಯ ಅವಕಾಶ ದೊರೆತಿದೆ. 2025ರಲ್ಲಿ ರಾಜ್ಯವು ವೇದಿಕೆ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಪ್ರತ್ಯೇಕ ಕಾನೂನನ್ನು ರೂಪಿಸಿದೆ. ಇವು ಸ್ವಾಗತಾರ್ಹ ಕ್ರಮಗಳು. ಆದರೆ ಇವುಗಳಲ್ಲಿ ಯಾವುದೂ ವೈರಿಂಗ್ ಕೆಲಸ ಮಾಡಲು ನೀಡುವ ಅನುಮತಿಯಲ್ಲ ಎಂಬ ಅಂಶವನ್ನು ಕಾರ್ಮಿಕರೂ ಮನೆ ಮಾಲೀಕರೂ ಗಮನಿಸಬೇಕಾಗಿದೆ.

ಕಾನೂನಿನ ಚೌಕಟ್ಟು

ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು, 1956ರ ನಿಯಮ 45ರಲ್ಲಿದ್ದ ತತ್ವವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ವಿನಿಯಮಗಳಲ್ಲಿ ಹಾಗೂ ಅವುಗಳ ಸ್ಥಾನದಲ್ಲಿ ಬಂದ 2023ರ ವಿನಿಯಮಗಳಲ್ಲಿ ಮುಂದುವರಿಸಲಾಗಿದೆ. ಇದರಂತೆ ಗ್ರಾಹಕರ ಸ್ಥಾವರದಲ್ಲಿ ಹೊಸ ವೈರಿಂಗ್, ಸೇರ್ಪಡೆ, ಬದಲಾವಣೆ ಅಥವಾ ದುರಸ್ತಿ ಕೈಗೊಳ್ಳಲು ಮೂವರು ಇರಬೇಕು.

1. ರಾಜ್ಯ ಸರ್ಕಾರದಿಂದ ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರು
2. ಸಾಮರ್ಥ್ಯ ಪ್ರಮಾಣ ಪತ್ರ ಹೊಂದಿರುವ ಮೇಲ್ವಿಚಾರಕರು
3. ಪರ್ಮಿಟ್ ಹೊಂದಿರುವ ವೈರ್‌ಮನ್

ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಹಾಗೂ 250 ವೋಲ್ಟ್ ಮೀರದ ಗೃಹೋಪಯೋಗಿ ಉಪಕರಣಗಳನ್ನು, ಸ್ಥಾವರದ ಸಾಮರ್ಥ್ಯ ಅಥವಾ ಸ್ವರೂಪ ಬದಲಾಗದಂತೆ, ಬದಲಿಸುವುದಕ್ಕೆ ಮಾತ್ರ ವಿನಾಯಿತಿ ಇದೆ.

ವಿನಾಯಿತಿಯ ಮಿತಿ

ಈ ಮಿತಿಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕೆಟ್ಟ ಫ್ಯಾನನ್ನು ತೆಗೆದು ಅಂತಹದೇ ಹೊಸ ಫ್ಯಾನನ್ನು ಹಾಕುವುದು ವಿನಾಯಿತಿಯೊಳಗಿನ ಕೆಲಸ. ಸ್ನಾನದ ಮನೆಗೆ ಹೊಸದಾಗಿ ಗೀಸರ್ ಪಾಯಿಂಟ್ ಎಳೆಯುವುದು ಹಾಗಲ್ಲ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ದೀಪಕ್ಕೆಂದು ಹಾಕಿದ ತೆಳು ತಂತಿಯಿಂದ, 6 ಆಂಪಿಯರ್ ಪಾಯಿಂಟಿನಿಂದ ಇದಕ್ಕೆ ಸಂಪರ್ಕ ನೀಡಿದಲ್ಲಿ ತಂತಿ ಬಿಸಿಯಾಗಿ ಅದರ ಹೊದಿಕೆ ಕ್ರಮೇಣ ಹಾಳಾಗುತ್ತದೆ. ಅರ್ಥಿಂಗ್ ಸಹ ಸರಿಯಿಲ್ಲದಿದ್ದರೆ ಗೀಸರಿನ ಹೊರಕವಚದಲ್ಲಿಯೇ ವಿದ್ಯುತ್ ಹರಿದು, ಒದ್ದೆ ಕೈಯಿಂದ ಮುಟ್ಟಿದವರ ಜೀವಕ್ಕೆ ಅಪಾಯವಾಗಬಹುದು.

ವಾಸ್ತವದಲ್ಲಿರುವ ಅಂತರ

ಕಾನೂನು ಮೂರು ಹಂತದ ವ್ಯವಸ್ಥೆಯನ್ನು ಕಲ್ಪಿಸಿದ್ದರೆ, ಮನೆ ಬಾಗಿಲಿಗೆ ಬರುವವರು ಸಾಮಾನ್ಯವಾಗಿ ಒಬ್ಬರೇ. ಎರಡು ವರ್ಷಗಳ ಐ.ಟಿ.ಐ. ತರಬೇತಿ ಪಡೆದು, ವೈರ್‌ಮನ್ ಪರ್ಮಿಟ್ ಸಹ ಹೊಂದಿರುವವರು ಕೆಲಸದಲ್ಲಿ ನುರಿತವರೇ ಆಗಿದ್ದರೂ, ಹೊಸ ವೈರಿಂಗನ್ನು ತಮ್ಮ ಹೆಸರಿನಲ್ಲಿಯೇ ವಹಿಸಿಕೊಳ್ಳಲು ಆ ಪರ್ಮಿಟ್ ಸಾಲದು. ಗುತ್ತಿಗೆದಾರರ ಲೈಸೆನ್ಸ್ ಪಡೆಯಲು ಅರ್ಹ ಸಿಬ್ಬಂದಿ ಮತ್ತು ಪರೀಕ್ಷಾ ಉಪಕರಣಗಳ ವೆಚ್ಚವನ್ನು ಭರಿಸಬೇಕಾಗುತ್ತದೆ. ಸಣ್ಣ ಆದಾಯದ ಒಬ್ಬ ವ್ಯಕ್ತಿಗೆ ಇದು ಸುಲಭವಲ್ಲ. ಇದರಿಂದಾಗಿ ಒಬ್ಬರು ಕೆಲಸ ಮಾಡಿ, ಸ್ಥಳಕ್ಕೆ ಬಾರದ ಮತ್ತೊಬ್ಬರು ವೈರಿಂಗ್ ಪೂರ್ಣಗೊಂಡ ವರದಿಗೆ ಸಹಿ ಹಾಕುವ ಪರಿಪಾಠಕ್ಕೆ ಎಡೆಯಾಗುತ್ತದೆ. ಇಂತಹ ಸಹಿಯಿಂದ ಸಂಪರ್ಕ ದೊರೆಯಬಹುದೇ ಹೊರತು ಸುರಕ್ಷತೆ ದೊರೆಯುವುದಿಲ್ಲ. ಅವಘಡ ಸಂಭವಿಸಿದಾಗ ದಾಖಲೆಯಲ್ಲಿ ಹೆಸರೇ ಇಲ್ಲದ ಕಾರ್ಮಿಕರ ಕುಟುಂಬವು ಪರಿಹಾರ ಕೋರುವುದೂ ಕಷ್ಟವಾಗುತ್ತದೆ.

ಯಾವ ನೋಂದಣಿ ಯಾವುದಕ್ಕೆ

• ಇ-ಶ್ರಮ್: ಅಸಂಘಟಿತ ಕಾರ್ಮಿಕರೆಂಬ ಗುರುತು ಹಾಗೂ 12 ಅಂಕಿಗಳ ಸಂಖ್ಯೆ. ಕೌಶಲ್ಯದ ಪುರಾವೆಯಲ್ಲ.
• ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ: ಕಟ್ಟಡ ನಿರ್ಮಾಣದಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ದುಡಿದ, 18ರಿಂದ 60 ವರ್ಷ ವಯಸ್ಸಿನವರಿಗೆ.
• ಉದ್ಯಮ್ ನೋಂದಣಿ: 2020ರ ಜುಲೈ 1ರಿಂದ ಜಾರಿಯಲ್ಲಿದೆ, ಉಚಿತ. ಸಣ್ಣ ಉದ್ದಿಮೆಯಾಗಿ ಗುರುತಿಸಿಕೊಳ್ಳಲು ಸಹಕಾರಿ.
• ಜಿ.ಎಸ್.ಟಿ.: ರಾಜ್ಯದೊಳಗೆ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದಲ್ಲಿ ನೋಂದಣಿ ಅವಶ್ಯ.
• ಪಿ.ಎಂ. ವಿಶ್ವಕರ್ಮ: 2023ರಲ್ಲಿ 18 ಕಸುಬುಗಳಿಗಾಗಿ ಆರಂಭಿಸಲಾದ ಯೋಜನೆ. ಎಲೆಕ್ಟ್ರಿಷಿಯನ್ ಕೆಲಸ ಈ ಪಟ್ಟಿಯಲ್ಲಿಲ್ಲ.

ಇವೆಲ್ಲವೂ ಕಲ್ಯಾಣ ಅಥವಾ ವ್ಯವಹಾರಕ್ಕೆ ಸಂಬಂಧಿಸಿದವು. ಕೆಲಸ ಮಾಡುವ ಅಧಿಕಾರವು ರಾಜ್ಯದ ವಿದ್ಯುತ್ ಪರಿವೀಕ್ಷಣಾ ವ್ಯವಸ್ಥೆಯಡಿ ನೀಡಲಾಗುವ ಪರ್ಮಿಟ್, ಪ್ರಮಾಣ ಪತ್ರ ಮತ್ತು ಲೈಸೆನ್ಸ್‌ಗಳಿಂದ ಮಾತ್ರ ಲಭಿಸುತ್ತದೆ.

ಅನುಸರಿಸಬೇಕಾದ ಕ್ರಮ

ಸ್ವಯಂ ಉದ್ಯೋಗಿಗಳು ಮೊದಲು ವೈರ್‌ಮನ್ ಪರ್ಮಿಟ್ ಪಡೆದು, ಅವಧಿ ಮುಗಿಯುವ ಮುನ್ನ ನವೀಕರಿಸಿಕೊಳ್ಳುವುದು ಸೂಕ್ತ. ಹೊಸ ವೈರಿಂಗ್ ಕೆಲಸಗಳಿಗಾಗಿ ಲೈಸೆನ್ಸ್ ಹೊಂದಿರುವ ಗುತ್ತಿಗೆದಾರರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡಲ್ಲಿ ದಾಖಲೆಯಲ್ಲಿ ತಮ್ಮ ಹೆಸರೂ ಉಳಿಯುತ್ತದೆ. ವಾರ್ಷಿಕ 20 ರೂ. ಕಂತಿನ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ ಅಪಘಾತದಿಂದ ಮರಣ ಹೊಂದಿದಲ್ಲಿ 2 ಲಕ್ಷ ರೂ. ದೊರೆಯುತ್ತದೆ. 18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆದಾರರು ಇದಕ್ಕೆ ಸೇರಬಹುದು.

ಮನೆ ಮಾಲೀಕರು ಕಡಿಮೆ ದರವನ್ನಷ್ಟೇ ನೋಡದೆ, ಕೆಲಸ ಆರಂಭಿಸುವ ಮುನ್ನ ಪರ್ಮಿಟ್ ಹಾಗೂ ಗುತ್ತಿಗೆದಾರರ ಲೈಸೆನ್ಸ್ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ಕೋರಲಾಗಿದೆ. ಇದರಿಂದ ಮನೆಯವರ ಸುರಕ್ಷತೆಯೊಂದಿಗೆ ಕೆಲಸಗಾರರ ಹಿತವನ್ನೂ ಕಾಪಾಡಿದಂತಾಗುತ್ತದೆ.