ಪತ್ತನಾಜೆ ನವಗೂ ಬೇಕು

"ಮಲ್ಪೆಲಿ ಆರ ಮನೆ ಇಪ್ಪದು ನಿಂಗೊಗೆ?"

ಓ ಮೊನ್ನೆ ಎನ್ನ ಹತ್ರೆ ಫೋನಿಲಿ ಕೇಳಿದ ಪ್ರಶ್ನೆ ಇದು. ಕೇಳಿದ್ದು ಆರು ಹೇಳಿ ಬರೆತ್ತಿಲ್ಲೆ, ಓದುವಗ ಅದಕ್ಕೇ ಗೊಂತಕ್ಕು. ಮಲ್ಪೆಯ ಕಡಲಕರೆಲಿ ಎಂಗಳ ಇಬ್ರನ್ನೂ ಆರೋ ಕಂಡಿದವಡ. ಅಲ್ಲಿ ಜೆಂಬ್ರ ಇಲ್ಲೆ, ನೆಂಟ್ರ ಮನೆ ಇಲ್ಲೆ, ಅಂಬಗ ಎಂತಗೆ ಹೋದ್ದು?

ಆನು ಎಂತ ಹೇಳಿದೆ ಗೊಂತಿದ್ದೋ? "ಅದಾ, ವಡಭಾಂಡೇಶ್ವರಲ್ಲಿ ಬಲರಾಮನ ದೇವಸ್ಥಾನ ಇದ್ದಲ್ಲದೋ, ಅಲ್ಲಿಗೆ ಹೋದ್ದು. ಹಾಂಗೇ ರಜ್ಜ ಹೊತ್ತು ಕಡಲಕರೆಲಿ ನಿಂದದು" ಹೇಳಿದೆ. ಆಚಿಕೆಂದ ಒಂದು ಸಮಾಧಾನದ ಉಸುಲು ಕೇಳಿತ್ತು. "ಓ, ದೇವಸ್ಥಾನಕ್ಕೋ! ಒಳ್ಳೆದಾತು."

ಲೊಟ್ಟೆ! ಆ ದಿನ ಎಂಗೊ ಬಲರಾಮನ ಗುಡಿಯ ಮೆಟ್ಳು ಹತ್ತಿದ್ದಿಲ್ಲೆ. ಫೋನು ಮಡುಗಿದ ಮೇಲೆ ಎನಗೆ ಎನ್ನ ಮೇಲೆಯೇ ಕೋಪ ಬಂತು. ಎನಗೆ 50 ಕಳುದ್ದು. ಮಾಡಿದ್ದು ಕಳ್ಳ ಕೆಲಸ ಅಲ್ಲ. ಕಟ್ಟಿಗೊಂಡ ಗೆಂಡನ ಒಟ್ಟಿಂಗೆ ಒಂದು ದಿನ ಸಮುದ್ರ ನೋಡಿಗೊಂಡು ಕೂದ್ದು. ಅದಕ್ಕೆ ದೇವರ ಸಾಕ್ಷಿ ನಿಲ್ಲುಸೆಕ್ಕೋ? ಅದೂ ಲೊಟ್ಟೆ ಸಾಕ್ಷಿ!

ಆನು ಒಬ್ಬನೇ ಹೇಳುವ ಲೊಟ್ಟೆ ಅಲ್ಲ ಇದು. ನಿಂಗಳೂ ಹೇಳ್ತಿ. ಹಾಂಗಾಗಿಯೇ ಇಂದು ಬರವದು.

ನಡದ್ದು ಇಷ್ಟೇ. ಎಪ್ರಿಲಿಲಿ ಒಂದು ಶುಕ್ರವಾರ ಉಡುಪಿಲಿ ಇವರ ಅಣ್ಣನ ಪುಳ್ಳಿಯ ಉಪ್ನಾನ. ಆದಿತ್ಯವಾರ ಕುಂದಾಪುರದ ಹತ್ರೆ ಒಂದು ಮದುವೆ. ಮಧ್ಯಲ್ಲಿ ಒಂದು ಶೆನಿವಾರ ಖಾಲಿ ಬಿದ್ದತ್ತು. ಮದಲಾಣ ಹಾಂಗೆ ಆಗಿದ್ದರೆ ಆ ಶೆನಿವಾರ ಎಂತ ಅಪ್ಪದು? ಒಂದೋ ಮೂರು ಬಸ್ಸು ಬದಲ್ಸಿ ಮನಗೆ ಬಂದು, ಹಟ್ಟಿ ನೋಡಿ, ಒಗದು, ಅಡಿಗೆ ಮಾಡಿ, ಮರದಿನ ಉದಿಯಪ್ಪಗ ಪುನಾ ಬಸ್ಸು ಹತ್ತುದು. ಇಲ್ಲದ್ರೆ ಉಪ್ನಾನದ ಮನೆಲಿಯೇ ನಿಂದು, ಪಾತ್ರೆ ಲೆಕ್ಕ ಮಾಡಿ, ಒಳುದ ಹೋಳಿಗೆ ಕಟ್ಟ ಕಟ್ಟುದು. ಖಾಲಿ ದಿನ ಹೇಳಿರೆ ನವಗೆ ಬೇರೆಯವರ ಕೆಲಸಕ್ಕೆ ಖಾಲಿ ಇಪ್ಪ ದಿನ, ಅಲ್ಲದೋ?

ಈ ಸರ್ತಿ ಇವು ಹೇಳಿದವು, "ಹಟ್ಟಿ ಕೆಲಸಕ್ಕೆ ಮೂರು ದಿನಕ್ಕೆ ಜೆನ ಮಾಡಿ ಆಯಿದು. ನಾಳಂಗೆ ಆರ ಮನೆಗೂ ಬೇಡ. ಮಲ್ಪೆಗೆ ಹೋಪ."

ಉಡುಪಿಂದ ಮಲ್ಪೆಗೆ ಹೆಚ್ಚು ಹೇಳಿರೆ 6 ಕಿಲೋಮೀಟರು. ಹೋಪ ಮದಲು ಹೋಟ್ಲಿಲಿ ದೋಸೆ ತಿಂದೆಯೊ. ಆರೋ ಎರದ ದೋಸೆ, ಬೆಶಿಬೆಶಿ ಎನ್ನ ಎದುರಿಂಗೆ ಬಂದು ಬಿದ್ದತ್ತು. ನಗೆ ಮಾಡೆಡಿ. ಮನೆಲಿ ಎನ್ನ ಪಾಲಿಂಗೆ ಬಪ್ಪದು ಏವಗಳೂ ಅಖೇರಿಯಾಣ ದೋಸೆ, ತಣ್ಕಟೆ, ಕರೆ ಹರುದ್ದು. ಎಲ್ಲೋರಿಂಗೂ ಎರದು ಆದ ಮೇಲೆ ಒಲೆಕಟ್ಟೆ ಹತ್ರೆ ನಿಂದೊಂಡು ತಿಂಬದು. ನಿಂಗೊಗೂ ಅದೇ ಅಲ್ಲದೋ?

ಬೋಟಿಲಿ ದ್ವೀಪಕ್ಕೆ ಹೋದೆಯೊ. ಆ ಊರಿನವು ತೋನ್ಸೆಪಾರು ಹೇಳ್ತವು, ಶಾಲೆ ಪುಸ್ತಕಲ್ಲಿ ಸೈಂಟ್ ಮೇರೀಸ್ ದ್ವೀಪ. ಬಂದರಿನ ಮೀನಿನ ವಾಸನೆಗೆ ಸೆರಗು ಮೂಗಿಂಗೆ ಹಿಡ್ಕೊಂಡು ಹೋದೋಳು, ಅಲ್ಲಿ ಇಳುದಪ್ಪಗ ಸೆರಗು ಬಿಟ್ಟು ಬಾಯಿ ತೆಗದೆ. ಕಪ್ಪು ಕಲ್ಲಿನ ಕಂಬಂಗೊ, ಹೆಚ್ಚಿಂದಕ್ಕೆ ಆರು ಮೂಲೆ, ಆರೋ ಕೆತ್ತಿ ಒತ್ತೊತ್ತಿಂಗೆ ನಿಲ್ಲುಸಿದ ಹಾಂಗೆ. 8 ಕೋಟಿ ವರ್ಷಕ್ಕೂ ಹಿಂದೆ, ಮಡಗಾಸ್ಕರ್ ಹೇಳುವ ನೆಲ ನಮ್ಮ ನೆಲಂದ ಬೇರೆ ಅಪ್ಪ ಕಾಲಲ್ಲಿ, ಭೂಮಿಂದ ಹೆರ ಬಂದ ಬೆಶಿ ಲಾವಾ ತಣುದು, ಕುಗ್ಗಿ, ಬಿರುದು ಹೀಂಗೆ ಕಂಬ ಆದ್ದು. ಮಗ ಪರೀಕ್ಷೆಗೆ ಓದುವಗ ಇದರ ಬಾಯಿಪಾಠ ಆನೇ ಕೇಳಿಗೊಂಡು ಕೂದ್ದಿದೆ. ಕೊದಿಲಿಂಗೆ ಒಗ್ಗರಣೆ ಹಾಕಿಗೊಂಡು. ಜೆಂಬ್ರ ಹೇಳಿ ಉಡುಪಿಗೆ ಎಷ್ಟು ಸರ್ತಿ ಬೈಂದೆ, ಲೆಕ್ಕ ಇಲ್ಲೆ. ಇಷ್ಟು ಹತ್ರೆ ಇಪ್ಪದರ ಕಾಂಬಲೆ 50 ವರ್ಷ ಆಯೆಕ್ಕಾತು.

ಹೊತ್ತೋಪಗ ಪುನಾ ಈಚಿಕೆ ಬಂದು ಗಾಳಿಮರದ ಅಡಿಲಿ ಕೂದೆಯೊ. ಇವು ಚೆಪ್ಪಲಿಯ ತಲೆ ಅಡಿಗೆ ಮಡುಗಿ ಒರಗಿದವು. ಆನು ಸುಮ್ಮನೆ ಕೂದೆ. ಸುಮ್ಮನೆ ಕೂಪದು ಸುಲಾಬ ಇಲ್ಲೆ ಆತೋ. ಮದಲಾಣ ಅರ್ಧ ಗಂಟೆ ಕೈಗೆ ಎಂತಾರೂ ಬೇಕು ಹೇಳಿ ಕಂಡತ್ತು, ಒಂದು ಹರಿವೆ ಕಟ್ಟ ಆದರೂ ಸಿಕ್ಕಿದ್ದರೆ ಸೊಪ್ಪು ಬಿಡುಸುಲಾವ್ತಿತು ಹೇಳುವ ಹಾಂಗೆ. ಮತ್ತೆ ರಜ್ಜ ರಜ್ಜವೇ ಕೈ ತಣುದತ್ತು.

ಇವು ಎದ್ದ ಮೇಲೆ ಮಾತಾಡಿದೆಯೊ. ಮನೆಲಿ ಎಂಗೊ ಮಾತಾಡುದು ಅಡಕ್ಕೆ ರೇಟು, ಗ್ಯಾಸು ಮುಗುದ್ದು, ಮಗನ ಫೀಸು. ಅಲ್ಲಿ ಇವು ಒಂದು ಸಂಗತಿ ಹೇಳಿದವು. ಹದಿನಾರು ವರ್ಷದ ಮಾಣಿ ಆಗಿಪ್ಪಗ ಯಕ್ಷಗಾನದ ಮೇಳಕ್ಕೆ ಸೇರೆಕ್ಕು ಹೇಳಿ ಒಂದು ಜೊತೆ ವಸ್ತ್ರ ಕಟ್ಟಿಗೊಂಡು ಬಸ್ ಸ್ಟ್ಯಾಂಡಿನವರೆಗೆ ಹೋಗಿತ್ತಿದ್ದವಡ. ಮಾವ ಹಿಂದೆಂದ ಬಂದು ಒಂದು ಮಾತೂ ಬೈಯದ್ದೆ ಕರಕ್ಕೊಂಡು ಬಂದವಡ. ಬೈದಿದ್ದರೆ ಹೋವ್ತಿತೆ, ಬೈಯದ್ದಕ್ಕೆ ಹೋಪಲೆಡಿಯದ್ದೆ ಆತು ಹೇಳಿದವು. ಎಂಗಳ ಮದುವೆ ಆಗಿ 26 ವರ್ಷ ಆತು. ಈ ಸಂಗತಿ ಎನಗೆ ಗೊಂತೇ ಇತ್ತಿಲ್ಲೆ. ಒಂದೇ ಮನೆಲಿ ಇದ್ದೊಂಡು ಇದರ ಕೇಳ್ಲೆ ಎಂಗೊಗೆ ಹೊತ್ತು ಸಿಕ್ಕಿದ್ದಿಲ್ಲೆ ಹೇಳಿ ಗ್ರೇಶಿರೆ ಈಗಳೂ ಒಂದು ನಮುನೆ ಆವ್ತು.

ಹೊತ್ತು ಕಂತುವಗ ಎನಗೆ ಎನ್ನ ಅಬ್ಬೆಯ ನೆಂಪಾತು.

ಅಬ್ಬೆಯ ಮನೆಂದ ಸಮುದ್ರ 50 ಕಿಲೋಮೀಟರೂ ಇಲ್ಲೆ. ಆದರೆ ಅಬ್ಬೆ ಕಡಲಕರೆಗೆ ಹೋದ್ದು ಜೀವಮಾನಲ್ಲಿ ಒಂದೇ ಒಂದರಿ. ಅಜ್ಜ ತೀರಿ ಹೋದ ವರ್ಷ, ಗೋಕರ್ಣಕ್ಕೆ. ಅಲ್ಲಿ ಹೊಯಿಗೆಲಿ ಮೂರು ಕಲ್ಲು ಮಡುಗಿ ಪಿಂಡದ ಅಶನ ಮಾಡಿದ್ದಡ. ಸಮುದ್ರದ ಗಾಳಿಗೆ ಕಿಚ್ಚು ನಂದುತ್ತು ಹೇಳಿ ಸಮುದ್ರಕ್ಕೆ ಬೆನ್ನು ಹಾಕಿ ಅಡ್ಡ ಕೂದ್ದಡ. ಆನು ಸಣ್ಣಾಗಿಪ್ಪಗ "ಸಮುದ್ರ ಹೇಂಗಿತ್ತು ಅಬ್ಬೆ?" ಕೇಳಿರೆ, "ಶಬ್ದ ಕೇಳಿತ್ತು" ಹೇಳುಗು. ಅಷ್ಟೇ. ಅಬ್ಬೆ ಹೋಗಿ ಈಗ ಆರು ವರ್ಷ ಆತು. ಅಬ್ಬೆಯ ಆರೂ ಕಟ್ಟಿ ಹಾಕಿದ್ದಿಲ್ಲೆ, ಬೇಡ ಹೇಳಿ ಆರೂ ಅಡ್ಡ ನಿಂದಿದವಿಲ್ಲೆ. ಹೋಪಲೆ ಒಂದು ಕಾರಣ ಬೇಕಾತು, ಆ ಕಾರಣ ಸಾವಿಂದ ಮಾತ್ರ ಬಂತು. "ಎಂತಗೆ ಹೋದ್ದು?" ಹೇಳುವ ನಮ್ಮ ಸಣ್ಣ ಪ್ರಶ್ನೆ ಮಾಡುವ ಕೆಲಸ ಇದುವೇ.

ಈಗ ನಿಂಗೊ ಹೇಳುವ ಮಾತುಗೊಕ್ಕೆ ಬತ್ತೆ. ಎಲ್ಲವೂ ಎನ್ನ ಕೆಮಿಗೆ ಬಿದ್ದಿದು.

"ಪೈಸೆ ದಂಡ." ಬಸ್ಸು, ಬೋಟು, ಊಟ, ಬೊಂಡ, ಎರಡು ಸರ್ತಿ ಚಾಯ ಪೂರಾ ಸೇರ್ಸಿರೂ ಮರದಿನದ ಮದುವೆಗೆ ಉಡುಗೊರೆ ಹೇಳಿ ತೆಗದ ಸೀರೆಯ ಕ್ರಯದ ಅರ್ಧ ಆಯಿದಿಲ್ಲೆ. ಆ ಸೀರೆ ಈಗ ಆರದ್ದೋ ಕಪಾಟಿಲಿ ಇನ್ನೊಂದು ಮದುವೆಗೆ ದಾಂಟುಸಲೆ ಕಾದುಗೊಂಡು ಇಕ್ಕು. ಅದು ಎಂತಗೆ ತೆಗದ್ದು ಹೇಳಿ ಆರೂ ಕೇಳಿದ್ದಿಲ್ಲೆ.

"ಮನೆಲಿ ದನ ಇದ್ದು, ಪ್ರಾಯ ಆದವು ಇದ್ದವು." ಇದು ಸತ್ಯ. ಹಾಸಿಗೆ ಹಿಡುದವರ ನೋಡಿಗೊಂಬ ಅಕ್ಕಂದ್ರಿಂಗೆ ಆನು "ಹೋಗಿ" ಹೇಳಿ ಉಪದೇಶ ಮಾಡ್ತಿಲ್ಲೆ. ಆದರೆ ಒಂದು ಲೆಕ್ಕ ಹಾಕಿ. ಜೆಂಬ್ರಕ್ಕೆ ಹೋಪಗ ಹಾಲು ಕರವಲೆ ಜೆನ ಸಿಕ್ಕುತ್ತು, ಅತ್ತೆಯ ಹತ್ರೆ ಕೂಪಲೆ ಜೆನ ಸಿಕ್ಕುತ್ತು. ಸುಮ್ಮನೆ ಹೋಪಗ ಮಾತ್ರ ಅದೇ ಜೆನ ಸಿಕ್ಕುತ್ತಿಲ್ಲೆ. ಎಂತಗೆ ಹೇಳಿರೆ, ನವಗೆ ಕೇಳ್ಲೆ ಬಾಯಿ ಬತ್ತಿಲ್ಲೆ.

"ಈ ಪ್ರಾಯಲ್ಲಿ ಜೋಡಿ ತಿರುಗುಲೆ ನಾಚಿಕೆ ಆವ್ತಿಲ್ಲೆಯೋ?" ಇದು ಎನಗೆ ತುಂಬಾ ಕೋಪ ಬಪ್ಪ ಮಾತು. ಮದುವೆ ಆದ ಹೊಸತ್ತಿಲಿ ಜೋಡಿ ಹೋದರೆ ಚೆಂದ ಹೇಳ್ತಿ. 60 ತುಂಬಿ ಷಷ್ಟ್ಯಬ್ದಿ ಮಾಡುವಗ ನಾಲ್ಕು ನೂರು ಜೆನರ ಎದುರು ಮಾಲೆ ಹಾಕುಸಿ, ಫೋಟೋ ತೆಗದು, ಚೆಂದ ಹೇಳ್ತಿ. ಮಧ್ಯಲ್ಲಿ ಇಪ್ಪ 35 ವರ್ಷ ಮಾತ್ರ ನಾಚಿಕೆಯೋ? ಹೊಯಿಗೆಲಿ ಕೂದು ಕಡ್ಲೆ ತಿಂದರೆ ಹೋಪ ಮಾನ ಎಂತದಪ್ಪಾ ಅದು?

"ಎಂಗಳೂ ಹೋವ್ತೆಯೊ, ಎಲ್ಲೋರೂ ಒಟ್ಟಿಂಗೆ." ಗೊಂತಿದ್ದು. ಉದಿಯಪ್ಪಗ 4 ಗಂಟೆಗೆ ಎದ್ದು ಚಿತ್ರಾನ್ನ ಮಾಡಿ, ಮಕ್ಕೊಗೆ ಬೇರೆ, ಮಾವಂಗೆ ಖಾರ ಇಲ್ಲದ್ದು ಬೇರೆ, ಮಜ್ಜಿಗೆ ಕುಪ್ಪಿ, ಉಪ್ಪಿನಕಾಯಿ ಬಾಟ್ಳಿ. ಅಲ್ಲಿ ಹೋಗಿ ಬಳುಸಿ, ತೊಳದು, ಎಲ್ಲೋರು ನೀರಿಂಗೆ ಇಳಿವಗ ಅವರ ಚೆಪ್ಪಲಿ, ಮೊಬೈಲು, ವಾಚು ಕಾದುಗೊಂಡು ಕೂಪದು. ಅಡಿಗೆಕೋಣೆಯ ಎತ್ತಿ ಕಡಲಕರೆಲಿ ಮಡುಗಿ ಬಂದ ಹಾಂಗೆ ಆತದು. ಎನ್ನ ಅಬ್ಬೆ ಗೋಕರ್ಣಲ್ಲಿ ಕೂದ್ದಕ್ಕೂ ಇದಕ್ಕೂ ದೂರ ಹೆಚ್ಚಿಲ್ಲೆ.

ಮೊನ್ನೆ ಪತ್ತನಾಜೆ ಕಳುದತ್ತು. ಬೇಶ ತಿಂಗಳಿನ 10. ಅದು ಕಳುದರೆ ನಮ್ಮ ಊರಿಲಿ ಕೋಲ ಇಲ್ಲೆ, ನೇಮ ಇಲ್ಲೆ. ಆರು ತಿಂಗಳು ಇರುಳು ಪೂರಾ ಕೊಣುದ ಯಕ್ಷಗಾನದವು ಗೆಜ್ಜೆ ಬಿಚ್ಚಿ ತಿರುಗಾಟ ಮುಗುಶುತ್ತವು. ಭೂತಂಗೊಕ್ಕೂ ಬಿಡುವು, ವೇಷದವಕ್ಕೂ ಬಿಡುವು. ಮಲ್ಪೆಯ ಬೋಟುಗೊಕ್ಕೂ ಇದ್ದು, ಜೂನು 1ರಿಂದ ಜುಲಾಯಿ 31ರವರೆಗೆ, 61 ದಿನ. ಮೀನು ಮರಿ ಮಾಡುವ ಸಮಯ ಹೇಳಿ ಸರಕಾರವೇ ಯಂತ್ರದ ಬೋಟಿಂಗೆ ಕಡಲಿಂಗೆ ಇಳಿವಲೆ ಬಿಡ್ತಿಲ್ಲೆ. ಮೀನಿಂಗೆ ಬಿಡುವು ಬೇಕು ಹೇಳಿ ಎಲ್ಲೋರಿಂಗೂ ಗೊಂತಿದ್ದು. ಹೆಮ್ಮಕ್ಕೊಗೆ ಪತ್ತನಾಜೆ ಏವಗ? ಬಂದರಿಲಿ ಕಂಡ ಮೊಗವೀರ ಹೆಮ್ಮಕ್ಕೊಗೂ ಇಲ್ಲೆ. ಬೋಟು ನಿಂದ ಮಳೆಗಾಲಲ್ಲಿ ಒಣಮೀನು ಮಾರುಲೆ ಬುಟ್ಟಿ ಹೊರುದು ಅವ್ವೇ ಅಲ್ಲದೋ?

ಇಷ್ಟು ಹೇಳಿದ ಮೇಲೆ ಎನ್ನ ತಪ್ಪನ್ನೂ ಹೇಳೆಕ್ಕು. ನಾಲ್ಕು ವರ್ಷ ಹಿಂದೆ ಎಂಗಳ ಆಚಕರೆ ಮನೆಯ ಅಕ್ಕ ಗೆಂಡನೊಟ್ಟಿಂಗೆ ಬೇಕಲ ಕೋಟೆಗೆ ಹೋಗಿ ಬಂತು. "ಅದಕ್ಕೆಂತ, ಪುರುಸೊತ್ತಿದ್ದು" ಹೇಳಿ ಆನೇ ಬಾವಿಕಟ್ಟೆಲಿ ನಿಂದು ಇನ್ನೊಬ್ಬನ ಹತ್ರೆ ಹೇಳಿದ್ದೆ. ಪುರುಸೊತ್ತು ಇತ್ತಿಲ್ಲೆ ಅದಕ್ಕೆ. ಮಂಗ್ಳೂರಿಲಿ ಗೆಂಡನ ಆಪರೇಶನಿಂಗೆ ದಿನ ನಿಗಂಟಾಗಿತ್ತು, ಅದರ ಮದಲು ಒಂದು ದಿನ ಹೋಗಿ ಬಂದದು. ಎನಗೆ ಅದು ಗೊಂತಾದ್ದು ಎರಡು ತಿಂಗಳು ಕಳುದ ಮೇಲೆ. ಆದರೆ ಆಪರೇಶನು ಇಲ್ಲದ್ರೂ ಅದಕ್ಕೆ ಹೋಪ ಹಕ್ಕು ಇತ್ತು. ಕಾಯಿಲೆ ಹೇಳಿದ ಮೇಲೆ "ಪಾಪ" ಹೇಳಿ ಕ್ಷಮಿಸಿದೆ ನೋಡಿ, ಎನ್ನ ನಿಜವಾದ ತಪ್ಪು ಅಲ್ಲಿಪ್ಪದು.

ಹಾಂಗಾಗಿ ಆನು ಹೇಳುದು ಮೂರೇ. ಎರಡು ಜೆಂಬ್ರದ ಮಧ್ಯಲ್ಲಿ ಒಂದು ದಿನ ಖಾಲಿ ಸಿಕ್ಕಿರೆ ಅದರ ಆರಿಂಗೂ ಕೊಡೆಡಿ. ಹೋಪಗ ಬುತ್ತಿ ಕಟ್ಟೆಡಿ, ಆರೋ ಮಾಡಿದ್ದರ ಬೆಶಿ ಇಪ್ಪಗಳೇ ತಿನ್ನಿ. ಬೇರೆಯವು ಹೋಗಿ ಬಂದರೆ "ಎಂತಗೆ" ಕೇಳೆಡಿ, "ಹೇಂಗಿತ್ತು" ಕೇಳಿ.

ಓ ಮೊನ್ನೆ ಫೋನು ಮಾಡಿದ ಕೂಸೇ, ಈಗ ಸರಿಯಾದ ಉತ್ತರ ಕೇಳು. ಮಲ್ಪೆಲಿ ಎಂಗೊಗೆ ಆರ ಮನೆಯೂ ಇಲ್ಲೆ. ದೇವಸ್ಥಾನಕ್ಕೂ ಹೋದ್ದಲ್ಲ. ಸುಮ್ಮನೆ ಹೋದ್ದು. ದೀಪಾವಳಿ ಕಳುದ ಮೇಲೆ ಪುನಾ ಹೋವ್ತೆಯೊ. ನಿನಗೂ ಹೋಪಲಿದ್ದರೆ ದಿನ ಹೇಳು, ಎರಡು ಹೊತ್ತೂ ನಿನ್ನ ಹಟ್ಟಿಗೆ ಆನು ಬತ್ತೆ. ಹಾಯುವ ದನ ಏವದು ಹೇಳಿ ಮಾತ್ರ ಮದಲೇ ಹೇಳಿಕ್ಕು.