ಶಾಲೆಯ ನೀರು, ಊರಿನ ಮಾನ

ಬೇಸಗೆ ರಜೆ ಹತ್ತಿರವಾದಂತೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಮೊದಲಾಗುತ್ತದೆ. ದೇವಸ್ಥಾನದ ಜೀರ್ಣೋದ್ಧಾರ, ಬ್ರಹ್ಮಕಲಶೋತ್ಸವ, ದೈವದ ನೇಮ, ಕಲಿತ ಶಾಲೆಯ ಶತಮಾನೋತ್ಸವ, ಎಲ್ಲದರ ಆಮಂತ್ರಣದ ಜೊತೆಗೆ ರಸೀದಿ ಪುಸ್ತಕವೂ ಊರಿನಿಂದ ಬರುತ್ತದೆ. ಹೊರನಾಡ ಕನ್ನಡಿಗ ಕೈಬಿಚ್ಚಿ ಕೊಡುತ್ತಾನೆ. ಇದು ನಮ್ಮ ಅಭಿಮಾನದ ಸಂಗತಿಯೇ ಸರಿ. ಆದರೆ ಊರಿನ ಶಾಲೆಗೆಂದು ನಾವು ಕೊಟ್ಟ ಹಣದಿಂದ ಎದ್ದುನಿಂತಿರುವುದೇನು? ಪ್ರವೇಶದ್ವಾರ, ರಂಗಮಂದಿರ, ಧ್ವಜಕಟ್ಟೆ, ಮತ್ತು ಇವುಗಳ ಮೇಲೆ ದಾನಿಗಳ ಹೆಸರು ಕೆತ್ತಿದ ಅಮೃತಶಿಲೆ. ಆ ರಂಗಮಂದಿರದ ಹಿಂದೆ ಬೀಗ ಹಾಕಿದ ಶೌಚಾಲಯವಿದೆಯೇ, ಮಕ್ಕಳು ಕುಡಿಯುವ ನೀರು ಎಲ್ಲಿಯದು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಇದು ನಮ್ಮ ಊರೊಂದರ ಕತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಸೇರಿ ಹಾಕಿದ ಲೆಕ್ಕದಂತೆ, 2023ರಲ್ಲಿ ಜಗತ್ತಿನ 40 ಕೋಟಿಗೂ ಮಿಕ್ಕಿದ ಮಕ್ಕಳ ಶಾಲೆಗಳಲ್ಲಿ ಕುಡಿಯುವ ನೀರಿನ ಕನಿಷ್ಠ ವ್ಯವಸ್ಥೆಯೂ ಇರಲಿಲ್ಲ. ಯೋಗ್ಯ ಶೌಚಾಲಯವಿಲ್ಲದ ಶಾಲೆಗಳ ಮಕ್ಕಳ ಸಂಖ್ಯೆಯೂ ಅಷ್ಟೇ ದೊಡ್ಡದು. ಇವರಲ್ಲಿ ಬಹುಪಾಲು ಮಕ್ಕಳು ಬಡದೇಶಗಳವರು.

ನಮ್ಮ ದೇಶದಲ್ಲಿ ಕಾನೂನಿನ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಯಲ್ಲೂ ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಮತ್ತು ಶುದ್ಧ ಕುಡಿಯುವ ನೀರು ಇರತಕ್ಕದ್ದೆಂದು ವಿಧಿಸಿತು. 2012ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಆರು ತಿಂಗಳೊಳಗೆ ನೆರವೇರಿಸುವಂತೆ ಆದೇಶಿಸಿತು. 2014ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯಿಂದ ಘೋಷಣೆ ಹೊರಟಿತು. ಒಂದು ವರ್ಷದೊಳಗೆ 4 ಲಕ್ಷಕ್ಕೂ ಹೆಚ್ಚು ಶಾಲಾ ಶೌಚಾಲಯಗಳು ಸಿದ್ಧವಾದವೆಂದು ಕೇಂದ್ರ ಸರಕಾರ ಸಾರಿತು. ಅವುಗಳಲ್ಲಿ ಸಾರ್ವಜನಿಕ ಉದ್ಯಮಗಳು ಕಟ್ಟಿಸಿದವನ್ನು ಮಹಾಲೇಖಪಾಲರು 15 ರಾಜ್ಯಗಳಲ್ಲಿ ಪರಿಶೀಲಿಸಿ, 2020ರಲ್ಲಿ ಸಂಸತ್ತಿನ ಮುಂದೆ ಬಂದ ವರದಿಯಲ್ಲಿ ಹೇಳಿದ್ದೇನು? ಶೇಕಡಾ 72ರಷ್ಟು ಶೌಚಾಲಯಗಳ ಒಳಗೆ ನೀರಿನ ಸೌಕರ್ಯವಿಲ್ಲ. ಶೇಕಡಾ 55ರಷ್ಟರಲ್ಲಿ ಕೈತೊಳೆಯುವ ಏರ್ಪಾಡಿಲ್ಲ. ಕಟ್ಟಡಗಳು ಎದ್ದವು, ನೀರು ಬರಲಿಲ್ಲ.

ಕರ್ನಾಟಕದ ಅನುಭವವೂ ಇದಕ್ಕಿಂತ ಭಿನ್ನವಲ್ಲ. ನಾಡು ಒಂದಾಗಿ 50 ವರ್ಷ ತುಂಬಿದ ಸಂಭ್ರಮದಲ್ಲಿ ಸರಕಾರ ‘ಸುವರ್ಣ ಜಲ’ವೆಂಬ ಯೋಜನೆಯನ್ನು ಕೈಗೊಂಡಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳ ಮಾಡಿನ ಮಳೆನೀರನ್ನು ತೊಟ್ಟಿಯಲ್ಲಿ ಕೂಡಿಟ್ಟು ಮಕ್ಕಳಿಗೆ ಕುಡಿಯಲು ಕೊಡುವ ಉದ್ದೇಶ ಅದರದು. ಆಶಯ ಉದಾತ್ತವಾಗಿತ್ತು. ಕೋಲಾರ, ಪಾವಗಡ, ರಾಯಚೂರಿನ ಕಡೆಗಳಲ್ಲಿ ಕೊಳವೆಬಾವಿ ಆಳಕ್ಕಿಳಿದಂತೆ ಫ್ಲೋರೈಡಿನ ಪೀಡೆ ಬಲ್ಲವರಿಗೆ ಮಳೆನೀರಿನ ಬೆಲೆಯನ್ನು ಹೇಳಬೇಕಾಗಿಲ್ಲ. ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಂ ಮೀರಿದರೆ ಅದು ಕುಡಿಯಲು ತಕ್ಕ ನೀರಲ್ಲ. ಬೆಳೆಯುವ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಬಹುಕಾಲ ಕುಡಿದರೆ ಮೂಳೆ ಬಾಗುತ್ತದೆ. ಕಾಯಿಸಿದರೆ ಹೋಗುವ ದೋಷವಲ್ಲ ಅದು. ಆದರೆ ಮಳೆನೀರಿನ ತೊಟ್ಟಿ ತಾನಾಗಿ ನಡೆಯುವಂಥದಲ್ಲ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಬೇಕು, ಮಾಡಿನ ದೋಣಿಯ ಕಸ ತೆಗೆಯಬೇಕು, ಸೋಸುವ ಮರಳು ಜಲ್ಲಿಯನ್ನು ವರ್ಷಕ್ಕೊಮ್ಮೆಯಾದರೂ ತೊಳೆಯಬೇಕು. ಕಾಮಗಾರಿ ಮುಗಿಸಿ ಗುತ್ತಿಗೆದಾರ ಹೋದ ಮೇಲೆ ಈ ಕೆಲಸ ಯಾರದೆಂಬುದು ಅನೇಕ ಕಡೆ ಇತ್ಯರ್ಥವಾಗಲಿಲ್ಲ. ತೊಟ್ಟಿಗಳು ಒಣಗಿ ನಿಂತವು.

ಇದರ ಭಾರ ಬೀಳುವುದು ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳು ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಬಂತು. ಕರ್ನಾಟಕವೂ ಅದನ್ನು ಅನುಸರಿಸಹೊರಟಿತು. ಒಳ್ಳೆಯದೇ. ಆದರೆ ಶೌಚಾಲಯಕ್ಕೆ ಬೀಗ ಬಿದ್ದ ಶಾಲೆಯಲ್ಲಿ ಹುಡುಗಿ ಗಂಟೆ ಕೇಳಿಯೂ ನೀರು ಕುಡಿಯುವುದಿಲ್ಲ. ಸಂಜೆಯವರೆಗೆ ತಡೆದುಕೊಳ್ಳುವ ಆ ಹುಡುಗಿ ಮೈನೆರೆದ ಮೇಲೆ ತಿಂಗಳಿಗೆ ಕೆಲವು ದಿನ ಶಾಲೆಗೆ ಬರುವುದನ್ನೇ ಬಿಡುತ್ತಾಳೆ.

ಇನ್ನೊಂದು ಪ್ರಶ್ನೆಯನ್ನು ನಾವು ಹೆಸರಿಟ್ಟು ಕೇಳಲು ಹಿಂಜರಿಯುತ್ತೇವೆ: ಶಾಲೆಯ ಶೌಚಾಲಯವನ್ನು ತೊಳೆಯುವವರು ಯಾರು? ಹಳ್ಳಿಯ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಈ ಕೆಲಸಕ್ಕೆ ಸಂಬಳದ ಆಳಿಲ್ಲ. ಆಗ ಪೊರಕೆ ಮಕ್ಕಳ ಕೈಗೆ ಬರುತ್ತದೆ, ಯಾವ ಮಕ್ಕಳ ಕೈಗೆಂಬುದನ್ನು ಜಾತಿ ತೀರ್ಮಾನಿಸುತ್ತದೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಲ್ಲಿ ದಲಿತ ವಿದ್ಯಾರ್ಥಿಗಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿಯನ್ನು ಓದಿ ನಾವು ತಲೆತಗ್ಗಿಸಿದ್ದೇವೆ. ಇದನ್ನು ನಿಷೇಧಿಸಿದ ಕಾಯಿದೆ ಬಂದು ಆಗಲೇ ಹತ್ತು ವರ್ಷವಾಗಿತ್ತು. ನಾವು ನೆಲೆಸಿರುವ ಮಹಾರಾಷ್ಟ್ರಕ್ಕೂ ಈ ನೋವು ಹೊಸದಲ್ಲ. ಬಾಲಕ ಅಂಬೇಡ್ಕರರು ಶಾಲೆಯ ನಲ್ಲಿಯನ್ನು ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಅವನಿಲ್ಲದ ದಿನ ಬಾಯಾರಿಕೆ. ಆ ಬಾಲಕನೇ ಬೆಳೆದು 1927ರ ಮಾರ್ಚ್‌ನಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟಿ ಕುಡಿದರು. ಶಾಲೆಯ ನೀರಿನ ಪ್ರಶ್ನೆ ಮೊದಲಿನಿಂದಲೂ ಮಾನದ ಪ್ರಶ್ನೆಯೇ ಆಗಿದೆ.

ಇದೆಲ್ಲ ಸರಕಾರದ ಹೊಣೆ, ದೂರದ ನಮಗೇಕೆ ಎನ್ನುವವರಿದ್ದಾರೆ. ಹೊಣೆ ಸರಕಾರದ್ದೇ, ಅದನ್ನು ಬಿಟ್ಟುಕೊಡುವ ಮಾತಿಲ್ಲ. ಆದರೆ ನಾವು ಹೇಗೂ ಕೊಡುತ್ತಿದ್ದೇವೆ. ಕೊಡುವ ರೀತಿಯನ್ನು ಬದಲಿಸಿಕೊಳ್ಳಬೇಕೆಂಬುದಷ್ಟೇ ನಮ್ಮ ವಿನಂತಿ. ಹಗಲು ಹೋಟೆಲಿನಲ್ಲಿ ದುಡಿದು, ಈ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದ ತಲೆಮಾರಿನ ಮಕ್ಕಳು ನಾವು. ಶಾಲೆ ನಡೆಯುವುದು ಕಟ್ಟಡದಿಂದಲ್ಲ, ದಿನದಿನದ ಕಾಳಜಿಯಿಂದ ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಮುಂದಿನ ಸಲ ಶಾಲೆಯ ರಸೀದಿ ಪುಸ್ತಕ ಬಂದಾಗ ಮೂರು ಪ್ರಶ್ನೆ ಕೇಳೋಣ. ಕುಡಿಯುವ ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ? ಹುಡುಗಿಯರ ಶೌಚಾಲಯದ ಬೀಗದ ಕೈ ಯಾರ ಬಳಿ ಇದೆ? ಅದನ್ನು ತೊಳೆಯುವವರಿಗೆ ಸಂಬಳವೆಷ್ಟು? ಉತ್ತರ ಬಂದ ಮೇಲೆ, ಒಂದೇ ಸಲ ಕೊಡುವ ದೊಡ್ಡ ಮೊತ್ತದ ಬದಲು ವರ್ಷವರ್ಷವೂ ಚಿಕ್ಕ ಮೊತ್ತವನ್ನು ಶಾಲೆಯ ಸಮಿತಿಗೆ ಕಳುಹಿಸೋಣ: ಸ್ವಚ್ಛತೆಯ ಕೆಲಸಕ್ಕೆ ನ್ಯಾಯವಾದ ಕೂಲಿ, ಸಾಬೂನು, ಪಂಪಿನ ದುರಸ್ತಿ, ನೀರಿನ ಪರೀಕ್ಷೆ ಇಷ್ಟಕ್ಕೇ. ಹಣ ಕಳುಹಿಸಿ ಸುಮ್ಮನಾಗದೆ, ರಜೆಗೆ ಹೋದಾಗ ಶಾಲೆಯ ಹಿಂಭಾಗಕ್ಕೂ ಹೋಗಿ ನಲ್ಲಿ ತಿರುಗಿಸಿ ನೋಡೋಣ. ಇಂಥ ದಾನಕ್ಕೆ ಶಿಲಾಫಲಕವಿರುವುದಿಲ್ಲ. ಊರಿನ ಹುಡುಗಿಯೊಬ್ಬಳು ಗಂಟೆ ಬಾರಿಸಿದಾಗ ಹೆದರದೆ ನೀರು ಕುಡಿದರೆ, ನಮ್ಮ ಹೆಸರು ಅಲ್ಲಿ ಇಲ್ಲದಿದ್ದರೂ ನಷ್ಟವಿಲ್ಲ.